ಅಕ್ಕ ಕೈ ಇಟ್ಟ ಸಾಲು

ಇನ್ನೂರ ಹದಿಮೂರು ಜನರಲ್ಲಿ ಇನ್ನೂರ ಹನ್ನೆರಡು ಜನ ಒಪ್ಪಿಯಾಗಿತ್ತು. ಉಳಿದವಳು ಒಬ್ಬಳೇ. ಅವಳು ತೀರಿಕೊಂಡು ಮೂರು ವರ್ಷವಾಗಿತ್ತು.

"ನಿಮ್ಮಕ್ಕನೇ ತಾನೆ? ಅವರ ಪರವಾಗಿ ನೀವೇ ಒಂದು ಮಾತು ಹಾಕಿಬಿಡಿ," ಎಂದ ಮ್ಯಾನೇಜರ್, ಬಾಗಿಲು ಮುಂದೆ ಮಾಡಿ ಬನ್ನಿ ಎನ್ನುವಷ್ಟು ಹಗುರವಾಗಿ.

ತಂಗಿಗೆ ಐವತ್ತೆರಡು. ಕಚೇರಿಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, 'ಕೈಪಿಡಿ' ಎನ್ನುತ್ತಾರೆ. 'ಕಪಾಟು' ಎಂಬ ಡೇಟಾಬೇಸನ್ನು ಬಳಸುವುದು ಹೇಗೆ ಎಂಬ ಕೈಪಿಡಿಯನ್ನು ಇಪ್ಪತ್ತೆರಡು ವರ್ಷದಿಂದ ಬರೆಯುತ್ತ ಬಂದವಳು ಅವಳು. ಕಪಾಟನ್ನು ಕಟ್ಟಿದ್ದು ಅಕ್ಕ. ಊಟದ ಮೇಜಿನ ಒಂದು ತುದಿಯಲ್ಲಿ ಕುಳಿತು, ಇನ್ನೊಂದು ತುದಿಯಲ್ಲಿ ಭಾವ ತರಕಾರಿ ಹೆಚ್ಚುತ್ತಿರುವಾಗ, ಆಸ್ಪತ್ರೆಗೆ ರೋಗಿಗಳ ಪಟ್ಟಿ, ಲೈಬ್ರರಿಗೆ ಪುಸ್ತಕಗಳ ಪಟ್ಟಿ, ಹೀಗೆ ಏನು ಕೊಟ್ಟರೂ ಜೋಪಾನವಾಗಿ ಇಟ್ಟುಕೊಂಡು ಕೇಳಿದಾಗ ತೆಗೆದುಕೊಡುವ ಆ ಸಾಫ್ಟ್‌ವೇರನ್ನು ಬರೆದು, ಅದರ ಒಳಗುಟ್ಟನ್ನೆಲ್ಲ ಬಯಲಿಗಿಟ್ಟು, ಬೇಕಾದವರು ಬಳಸಿ, ತಿದ್ದಿ, ಹಂಚಿ ಎಂದು ಬಿಟ್ಟುಕೊಟ್ಟಿದ್ದಳು. ಓಪನ್ ಸೋರ್ಸ್ ಎಂದರೆ ಅದೇ. ಆಮೇಲೆ ಕಂಡುಕೇಳರಿಯದ ಮೂಲೆಗಳಿಂದ ಜನ ಬಂದು ಸೇರಿಕೊಂಡರು. ಒಬ್ಬ ಒಂದು ತಪ್ಪು ತಿದ್ದಿದ, ಇನ್ನೊಬ್ಬಳು ಒಂದು ಹೊಸ ಅಂಕಣ ಕೂಡಿಸಿದಳು. ಅರುವತ್ತು ದಾಟಿದ ಗಂಡಸರೂ ಅಕ್ಕನನ್ನು ಅಕ್ಕ ಎಂದೇ ಕರೆದರು. ತಂಗಿಗೆ ಒಳಗೊಳಗೇ ನಗು ಬರುತ್ತಿತ್ತು. ಒಂದಿಷ್ಟು ಹೊಟ್ಟೆಕಿಚ್ಚೂ ಆಗುತ್ತಿತ್ತು, ತನ್ನೊಬ್ಬಳ ಅಕ್ಕ ಇಷ್ಟು ಜನಕ್ಕೆ ಪಾಲಾದಳಲ್ಲ ಎಂದು.

ನಂತರ ಕಂಪನಿ ಬಂತು. ಸಾಫ್ಟ್‌ವೇರ್ ಪುಕ್ಕಟೆ, ಆದರೆ ಕೆಟ್ಟರೆ ರಿಪೇರಿಗೆ, ಕಲಿಸಲಿಕ್ಕೆ, ನೋಡಿಕೊಳ್ಳಲಿಕ್ಕೆ ದುಡ್ಡು ಎಂಬುದು ಅದರ ವ್ಯಾಪಾರ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಮಹಾ ದೊಡ್ಡ ಕಂಪನಿಗಳು ಕಪಾಟನ್ನು ಇದ್ದ ಹಾಗೆಯೇ ಎತ್ತಿಕೊಂಡು ಹೋಗಿ, ತಮ್ಮ ಯಂತ್ರಗಳ ಮೇಲಿಟ್ಟು, ಬಾಡಿಗೆಗೆ ಬಿಟ್ಟವು.

"ನಾವು ಅಡುಗೆ ಮಾಡಿ ಬಾಗಿಲು ತೆಗೆದಿಟ್ಟಿದೀವಿ. ಅವರು ಪಾತ್ರೆ ಸಮೇತ ಹೊತ್ಕೊಂಡು ಹೋಗಿ ಎದುರು ಬೀದೀಲಿ ಹೋಟ್ಲು ಇಟ್ಟಿದಾರೆ. ನಮಗೆ ತೊಳೆಯೋ ಕೆಲಸ," ಎನ್ನುತ್ತಿದ್ದ ಮ್ಯಾನೇಜರ್. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅದಕ್ಕೇ ಲೈಸೆನ್ಸ್ ಬದಲಾಯಿಸಬೇಕಾಗಿತ್ತು. ಓದಬಹುದು, ಬಳಸಬಹುದು, ಬಾಡಿಗೆಗೆ ಬಿಡುವ ಹಾಗಿಲ್ಲ ಎಂದು. ಹಾಗೆ ಮಾಡಿದರೆ ಮಾತ್ರ ಬಂಡವಾಳ ಹಾಕುವವರು ಮುಂದಕ್ಕೆ ಬರುತ್ತಿದ್ದರು; ಶುಕ್ರವಾರದೊಳಗೆ ಆಗದಿದ್ದರೆ ಕಂಪನಿಗೆ ಬೀಗ, ನಲವತ್ತು ಜನ ಮನೆಗೆ. ಆದರೆ ಬದಲಾಯಿಸಲು ಕಪಾಟಿನಲ್ಲಿ ಒಂದು ಸಾಲನ್ನಾದರೂ ಬರೆದವರೆಲ್ಲರ ಒಪ್ಪಿಗೆ ಬೇಕು. ಬರೆದವರ ಹಕ್ಕನ್ನು ಮೊದಲೇ ಬರೆಸಿಕೊಂಡುಬಿಡೋಣ ಎಂದು ಎಷ್ಟು ಜನ ಹೇಳಿದರೂ ಅಕ್ಕ ಕೇಳಿರಲಿಲ್ಲ. "ಬರೆದೋರದ್ದು ಬರೆದೋರ ಹತ್ರಾನೇ ಇರಲಿ," ಎಂದುಬಿಟ್ಟಿದ್ದಳು.

ಸಮುದಾಯದ ಒಂದು ರೂಢಿ ಎಂದರೆ ರಿಜಿಸ್ಟರು. ಅದು ಹಳೆಯ ಸರ್ವರಿನಲ್ಲಿ, ಕಪಾಟಿನೊಳಗೇ ಇತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ಎಲ್ಲಿ ಕೆಲಸ, ನನ್ನ ನಂತರ ಯಾರನ್ನು ಕೇಳಬೇಕು, ಕೊನೆಗೆ 'ಮಾತು' ಎಂಬ ಅಂಕಣ. ಏನೇ ತೀರ್ಮಾನವಿರಲಿ, ತಮ್ಮ ಸಾಲಿನ ಮಾತನ್ನು ತಾವೇ ಕೈಯಾರೆ ಬರೆಯಬೇಕು. ಕಾಗದ ನಡೆಯದು, ಫೋನು ನಡೆಯದು. ಬರೆದವರು ಇಲ್ಲವಾದರೆ 'ನನ್ನ ನಂತರ' ಎಂಬಲ್ಲಿ ಯಾರಿದ್ದಾರೋ ಅವರ ಕೈ. ಅಕ್ಕನ ಸಾಲಿನಲ್ಲಿ, ಆ ಜಾಗದಲ್ಲಿ, ಮೊದಲ ದಿನದಿಂದಲೂ ಒಂದೇ ಪದವಿತ್ತು: ತಂಗಿ.

ಬುಧವಾರ ಬೆಳಿಗ್ಗೆ ಅವಳು ಬರೆದಳು. ಅಕ್ಕನ ಸಾಲಿನಲ್ಲಿ 'ನನ್ನ ನಂತರ' ಎಂಬಲ್ಲಿ ತಂಗಿ ಎಂದಿದ್ದರೆ, ಮಾತಿನ ಅಂಕಣದಲ್ಲಿ 'ಒಪ್ಪಿಗೆ' ಎಂದು ಹಾಕು. ಒತ್ತಿದಳು.

ಕಪಾಟು ಏನೂ ಹೇಳಲಿಲ್ಲ. ಆಗದು ಎಂದೂ ಹೇಳಲಿಲ್ಲ. ಕಾಯುತ್ತ ಕೂತಿತು.

ಹತ್ತು ನಿಮಿಷ ನೋಡಿ ಅವಳು ಸರ್ವರ್ ನೋಡಿಕೊಳ್ಳುವವಳನ್ನು ಕರೆದಳು. ಯಂತ್ರಗಳಿಗೆ ಕಿವಿಯಿಟ್ಟು ಕಾಯಿಲೆ ಹೇಳುತ್ತಿದ್ದುದರಿಂದ ಅವಳನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಡಾಕ್ಟರಮ್ಮ ಬಂದು, ಕುರ್ಚಿಯ ಬೆನ್ನಿಗೆ ಮೊಣಕೈ ಊರಿ, ಒಂದೆರಡು ಪ್ರಶ್ನೆ ಹೊಡೆದು, ಮೂಗಿನ ಮೇಲಿನ ಕನ್ನಡಕವನ್ನು ಹಣೆಗೇರಿಸಿದಳು.

"ಬೇರೆ ಯಾರೋ ಆ ಸಾಲಿನ ಮೇಲೆ ಕೈ ಇಟ್ಟಿದಾರೆ."

"ಯಾರು?"

"ತಾಳ್ರೀ ಮಹಾರಾಯ್ತಿ." ಮತ್ತೆ ಏನೋ ಹೊಡೆದಳು. ಕನ್ನಡಕವನ್ನು ಮತ್ತೆ ಮೂಗಿಗೆ ಇಳಿಸಿದಳು. "ಅಕ್ಕ."

ಇದನ್ನು ಅರ್ಥ ಮಾಡಿಕೊಳ್ಳಲು ಕೈಪಿಡಿ ಬರೆದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರನೆಯ ಅಧ್ಯಾಯ, ಅವಳದೇ ವಾಕ್ಯಗಳು. ಒಂದು ಸಾಲನ್ನು ಒಬ್ಬರು ಬದಲಾಯಿಸುತ್ತಿರುವಾಗ ಇನ್ನೊಬ್ಬರು ಕಾಯಬೇಕು. ಮೊದಲಿನವರು ಬರೆದದ್ದು ಅವರಿಗೆ ಮಾತ್ರ ಕಾಣುತ್ತದೆ. ಅವರು 'ಮುಗಿಸು' ಎಂದರೆ ಅದು ಎಲ್ಲರ ಪಾಲಿಗೂ ನಿಜವಾಗುತ್ತದೆ. 'ಮರೆ' ಎಂದರೆ ಅಂಥದ್ದೊಂದು ನಡೆದೇ ಇಲ್ಲ. ಎರಡರ ನಡುವೆ ಎಷ್ಟು ಹೊತ್ತು ಇರಬಹುದು? ಅದಕ್ಕೊಂದು ಗಡುವು ಇಡೋಣ ಎಂದು ಸಮುದಾಯದಲ್ಲಿ ದೊಡ್ಡ ಜಗಳವೇ ಆಗಿತ್ತು. ಅಕ್ಕ ಬಿಲ್‌ಕುಲ್ ಒಪ್ಪಿರಲಿಲ್ಲ. "ಯೋಚನೆ ಮಾಡೋರನ್ನ ಎಬ್ಬಿಸಿ ಓಡಿಸೋಕೆ ನಾನು ಛತ್ರ ನಡೆಸ್ತಿಲ್ಲ," ಎಂದಿದ್ದಳು.

"ಯಾವಾಗಿಂದ?" ಎಂದು ತಂಗಿ ಕೇಳಿದಳು.

ಡಾಕ್ಟರಮ್ಮ ತಾರೀಖು ಓದಿದಳು. ಮೂರು ವರ್ಷದ ಹಿಂದಿನ ಮಂಗಳವಾರ, ಬೆಳಿಗ್ಗೆ ಹನ್ನೊಂದು ಹತ್ತು. ಅಂದು ಹನ್ನೆರಡೂವರೆಗೆ ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ್ದರು. ನಾಲ್ಕಕ್ಕೆ ಎಲ್ಲ ಆಗಿಹೋಗಿತ್ತು.

"ಅದಕ್ಕೇ ನೋಡಿ!" ಡಾಕ್ಟರಮ್ಮ ಹಣೆ ಬಡಿದುಕೊಂಡಳು. "ಮೂರು ವರ್ಷದಿಂದ ಇದು ಕಸ ಗುಡಿಸ್ತಿಲ್ಲ. ಅಳಿಸಿದ್ದೆಲ್ಲ ಹಾಗೇ ಬಿದ್ದಿದೆ. ನಾನು ಜಾಗ ಸಾಲದು ಅಂತ ಡಿಸ್ಕ್ ಮೇಲೆ ಡಿಸ್ಕ್ ಹಾಕ್ತಾನೇ ಇದೀನಿ. ಒಬ್ಬರು ಇನ್ನೂ ನೋಡ್ತಾ ಕೂತಿದ್ರೆ ಅದು ಹೇಗೆ ಎಸೆಯುತ್ತೆ? ಆ ಕಿಟಕಿಯಿಂದ ನೋಡೋರಿಗೆ ಇವತ್ತಿಗೂ ಆ ಮಂಗಳವಾರವೇ. ಯಾರೂ ಹೋಗಿಲ್ಲ, ಯಾವುದೂ ಅಳಿಸಿಲ್ಲ."

"ಸಂಪರ್ಕ ಎಂದೋ ಕಡಿದಿರಬೇಕಲ್ಲ?"

"ಕಡಿಯಬೇಕಿತ್ತು." ಡಾಕ್ಟರಮ್ಮನ ದನಿ ಇಳಿಯಿತು. "ಎರಡು ಸಲ ಈ ಯಂತ್ರಾನ ಆರಿಸಿ, ಬೇರೆ ಕಟ್ಟಡಕ್ಕೆ ಹೊತ್ತು, ಮತ್ತೆ ಹಚ್ಚಿದೀವಿ. ಆರಿಸಿದ್ರೆ ಹಿಡಿದ ಕೈಯೆಲ್ಲ ಬಿಟ್ಟುಹೋಗುತ್ತೆ. ಅದು ಹಾಗೇ ಇರೋದು. ಇದು ಹೋಗಿಲ್ಲ. ಕೇಳ್ಬೇಡಿ, ನನಗೂ ಗೊತ್ತಿಲ್ಲ." ಅವಳು ಪರದೆಗೆ ಮುಖ ಹತ್ತಿರ ತಂದಳು. "ಇನ್ನೊಂದು ಹೇಳ್ತೀನಿ, ಹೆದರ್ಕೋಬೇಡಿ. ಅದು ಸುಮ್ನೆ ಕೂತಿಲ್ಲ. ದಿನಕ್ಕೊಂದು ಸಲ ಏನೋ ಓದುತ್ತೆ. ಹನ್ನೊಂದು ಹತ್ತಕ್ಕೆ. ನಿನ್ನೇನೂ ಓದಿದೆ."

"ಏನು ಓದುತ್ತೆ?"

"ನಿಮ್ಮ ಸಾಲು."

ಕಿಟಕಿಯ ಹೊರಗೆ ಯಾರೋ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಅದು ಕೀಂ ಕೀಂ ಎನ್ನುತ್ತಿತ್ತು. ಅವಳು ಆ ಶಬ್ದ ನಿಲ್ಲುವವರೆಗೂ ಕಾದಳು.

ಮ್ಯಾನೇಜರಿಗೆ ಹೇಳಿದಾಗ ಅವನು ಕೈ ಉಜ್ಜಿಕೊಂಡ. "ಇಷ್ಟೇ ತಾನೆ? ಆ ಸಂಪರ್ಕ ಕೊಂದುಹಾಕಿ. ಒಂದು ಆಜ್ಞೆ."

"ಕೊಂದ್ರೆ ಅಕ್ಕ ಏನು ಬರೆದಿದ್ರೋ ಅದೂ ಹೋಗುತ್ತೆ. ಯಾರಿಗೂ ಯಾವತ್ತೂ ಗೊತ್ತಾಗಲ್ಲ," ಎಂದಳು ಡಾಕ್ಟರಮ್ಮ.

"ಗೊತ್ತಾಗಿ ಏನಾಗ್ಬೇಕು ರೀ? ಸತ್ತೋರು ಕಾಗುಣಿತ ತಿದ್ದಿರ್ತಾರೆ."

ತಂಗಿ ಒಂದು ದಿನದ ಗಡುವು ಕೇಳಿದಳು. ಭಾವನ ಮನೆಗೆ ಹೋಗಿ ಅಕ್ಕನ ಕಂಪ್ಯೂಟರ್ ಇದೆಯೇ ನೋಡಿ ಬರುತ್ತೇನೆ, ಗುರುವಾರ ಮಧ್ಯಾಹ್ನದೊಳಗೆ ಹೇಳುತ್ತೇನೆ. ಅಲ್ಲಿಯವರೆಗೆ ಕೊಲ್ಲಬೇಡಿ. ಮ್ಯಾನೇಜರ್ ಗಡಿಯಾರ ನೋಡಿ, ಕ್ಯಾಲೆಂಡರ್ ನೋಡಿ, ಕೊನೆಗೆ ಅವಳ ಮುಖ ನೋಡಿ, ಆಯಿತು ಎಂದ. ಅವಳು ಬರೆದ 'ಒಪ್ಪಿಗೆ' ಮಾತ್ರ ಸರ್ವರಿನಲ್ಲಿ ಹಾಗೆಯೇ ಸರದಿಯಲ್ಲಿ ನಿಂತಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅವಳಿಗೂ ಹೊಳೆಯಲಿಲ್ಲ, ಡಾಕ್ಟರಮ್ಮನಿಗೂ ಹೊಳೆಯಲಿಲ್ಲ.

ಆ ದಿನವಿಡೀ ಅವಳ ತಲೆಯಲ್ಲಿ ಓಡುತ್ತಿದ್ದುದು ಮಂಗಳವಾರವಲ್ಲ, ಅದರ ಹಿಂದಿನ ಸೋಮವಾರ. ಸೋಮವಾರ ಅವಳು ಅಕ್ಕನಿಗೆ ಫೋನು ಮಾಡಿದ್ದಳು. ಕಂಪನಿಯವರು ಕೆಲಸ ಕೊಡುತ್ತಿದ್ದಾರೆ, ಒಪ್ಪಿಕೊಂಡೆ ಎಂದು ಹೇಳಿದ್ದಳು. ಹತ್ತೊಂಬತ್ತು ವರ್ಷ ಪುಕ್ಕಟೆ ಬರೆದಾಯಿತು, ಇನ್ನಾದರೂ ತಿಂಗಳಿಗೊಂದು ಸಂಬಳ ಬರಲಿ ಎಂಬ ಮಾತನ್ನೂ ಸಿದ್ಧ ಮಾಡಿಕೊಂಡಿದ್ದಳು; ಅಕ್ಕ ಬೈದರೆ ಹೇಳಲಿಕ್ಕೆ. ಅಕ್ಕ ಬೈಯಲಿಲ್ಲ. "ಒಳ್ಳೇದು," ಎಂದಳು. ಫೋನು ಇಟ್ಟಳು. ಆ ಒಂದು ಪದವನ್ನು ತಂಗಿ ಮೂರು ವರ್ಷದಿಂದ ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇದ್ದಳು. ಕೆಲವು ದಿನ ಅದು ಆಶೀರ್ವಾದದಂತೆ ಕೇಳುತ್ತಿತ್ತು, ಕೆಲವು ದಿನ ಮುಖದ ಮೇಲೆ ಬಾಗಿಲು ಹಾಕಿದಂತೆ.

ಗುರುವಾರ ಹತ್ತೂ ನಲವತ್ತಕ್ಕೆ ಅವಳು ಭಾವನ ಮನೆಯ ಮೂರನೆಯ ಮಹಡಿಗೆ ಏದುಸಿರು ಬಿಡುತ್ತ ಹತ್ತಿದಳು. ಬಾಗಿಲು ತೆಗೆದ ಭಾವ ತೋಳಿನ ತನಕ ಸೋಪಿನ ನೊರೆ ಹಚ್ಚಿಕೊಂಡಿದ್ದ. ಪಾತ್ರೆ ತೊಳೆಯುತ್ತಿದ್ದ.

"ಏನು ಕೈಪಿಡಿಯವರು! ದಾರಿ ತಪ್ಪಿ ಬಂದ್ರಾ?"

"ನಿಮ್ಮ ಅಡುಗೆ ಹಾಳಾಗಿದೆಯಾ ಇನ್ನೂ ಹಾಗೇ ಇದೆಯಾ ಅಂತ ನೋಡೋಕೆ ಬಂದೆ."

"ಹಾಗೇ ಇದೆ. ತಿನ್ನೋ ನಾಲಿಗೆ ಹಾಳಾಗಿದೆ."

ಅವಳು ವಿಷಯ ಹೇಳಿದಳು. ಅಕ್ಕನ ಕಂಪ್ಯೂಟರ್ ಏನು ಮಾಡಿದಿರಿ, ಕೊಟ್ಟಿರಾ, ಇಟ್ಟಿದ್ದೀರಾ? ಭಾವ ಕೈ ಒರೆಸಿಕೊಂಡು ಒಳಕೋಣೆಯ ಬಾಗಿಲು ತೆರೆದ.

ಅಲ್ಲಿ ಬೆಳಕು ಸಾಕಷ್ಟಿತ್ತು. ಕಿಟಕಿ ತೆರೆದಿತ್ತು, ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರದೋ ಹಾಸಿಗೆ ಒಣಗುತ್ತಿತ್ತು. ಹೆದರಲು ಅಲ್ಲಿ ಏನೂ ಇರಲಿಲ್ಲ. ಮೇಜು, ಸೀಸದ ಕಡ್ಡಿಗಳ ಡಬ್ಬಿ, ಅಕ್ಕನ ಬೆನ್ನಿಗೆ ಬೇಕಾಗಿದ್ದ ದಿಂಬು ಕಟ್ಟಿದ ಕುರ್ಚಿ. ಮೇಜಿನ ಮೇಲೆ ಕಂಪ್ಯೂಟರ್, ತೆರೆದೇ ಇತ್ತು, ಹಚ್ಚಿದ ಹಾಗೆಯೇ.

"ಆವತ್ತು ಇಲ್ಲೇ ಕೂತಿದ್ಲು," ಎಂದ ಭಾವ. "ಎದೆ ಹಿಡ್ಕೊಂಡು ಎದ್ಲು. ಮೆಟ್ಟಿಲು ಇಳೀತಾ 'ಮುಚ್ಚಬೇಡಿ, ಅರ್ಧ ಆಗಿದೆ' ಅಂದ್ಲು. ನನಗೆ ಹೇಳಿದ ಕೊನೇ ಮಾತು. ಬೇರೆಯೋರ ಹೆಂಡ್ತೀರು ಏನೇನೋ ಹೇಳಿ ಹೋಗ್ತಾರೆ, ನಮ್ಮವಳು ಕಂಪ್ಯೂಟರ್ ಮುಚ್ಚಬೇಡಿ ಅಂತ ಹೋದ್ಲು. ಏನ್ ಮಾಡ್ಲಿ? ಮುಚ್ಚಲಿಲ್ಲ."

"ಕರೆಂಟು ಹೋಗಿಲ್ವಾ ಮೂರು ವರ್ಷದಲ್ಲಿ?"

"ಹೋಗದೇ ಏನು? ಬಂದಾಗ ಇದೂ ಬರುತ್ತೆ. ಎಲ್ಲಿ ಬಿಟ್ಟಿತ್ತೋ ಅಲ್ಲಿಗೇ. ನಾನು ದಿನಾ ಬೆಳಿಗ್ಗೆ ಒಂದು ಬಟ್ಟೆ ತಗೊಂಡು ಧೂಳು ಒರೆಸ್ತೀನಿ, ಅಷ್ಟೆ. ಆ ಕೀಲಿಗಳನ್ನೂ ಒರೆಸ್ತೀನಿ."

ಅವಳ ಎದೆಯಿಂದ ಒಂದು ಮಣ ಭಾರ ಇಳಿದಂತಾಯಿತು. "ಎಷ್ಟು ಗಂಟೆಗೆ?"

"ಪಾತ್ರೆ ಆದ್ಮೇಲೆ. ಹನ್ನೊಂದು ಆಸುಪಾಸು."

ಅಷ್ಟೇ! ಒರೆಸುವ ಬಟ್ಟೆ ಕೀಲಿಗೆ ತಾಗುತ್ತದೆ, ಅಕ್ಕ ಕೊನೆಗೆ ಕೇಳಿದ ಪ್ರಶ್ನೆಯನ್ನೇ ಯಂತ್ರ ಮತ್ತೆ ಕೇಳುತ್ತದೆ. ಅವಳು ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿದಳು. "ನೋಡಿದ್ರಾ, ನಮ್ಮ ದೆವ್ವ ಒರೆಸೋ ಬಟ್ಟೆ!" ಎಂದು ಆ ಕಡೆಯಿಂದ ಡಾಕ್ಟರಮ್ಮ ಜೋರಾಗಿ ನಕ್ಕಳು, ಆ ನಗೆ ನಿನ್ನೆಯಿಂದ ತಡೆದಿಟ್ಟುಕೊಂಡದ್ದು ಎಂದು ಗೊತ್ತಾಗುವಂತಿತ್ತು. ಭಾವ ಕಾಫಿ ಮಾಡಲು ಅಡುಗೆಮನೆಗೆ ಹೋದ. ಅವಳು ದಿಂಬು ಕಟ್ಟಿದ ಕುರ್ಚಿಯಲ್ಲಿ ಕುಳಿತಳು. ಅಕ್ಕನ ಬೆನ್ನಿನ ಗುಂಡಿ ಅದರಲ್ಲಿ ಇನ್ನೂ ಇತ್ತು.

ಪರದೆಯ ಮೇಲೆ ಅಕ್ಕ ಬರೆದದ್ದು ಕಾಣುತ್ತಿತ್ತು. ಮೇಲಿನಿಂದ ಓದಿಕೊಂಡು ಬಂದಳು. ಒಂದೇ ಬದಲಾವಣೆ. ಅಕ್ಕ ತನ್ನ ಸಾಲಿನಲ್ಲಿ, 'ನನ್ನ ನಂತರ ಯಾರನ್ನು ಕೇಳಬೇಕು' ಎಂಬಲ್ಲಿ 'ತಂಗಿ' ಎಂಬುದನ್ನು ತೆಗೆದಿದ್ದಳು. ಆ ಜಾಗದಲ್ಲಿ 'ನಾನೇ' ಎಂದು ಹಾಕಿದ್ದಳು.

ಅವಳು ಅದನ್ನು ಎರಡು ಸಲ ಓದಿದಳು. ನನ್ನ ನಂತರ ಯಾರನ್ನು ಕೇಳಬೇಕು: ನಾನೇ.

ಮೊದಲು ಅನ್ನಿಸಿದ್ದು ದುಃಖವಲ್ಲ, ನಾಚಿಕೆ. ತುಂಬಿದ ಕೋಣೆಯಲ್ಲಿ ಯಾರೋ ಕಪಾಳಕ್ಕೆ ಹೊಡೆದರೆ ಆಗುವಂಥ ನಾಚಿಕೆ. ಹಾಗಾದರೆ ಆ 'ಒಳ್ಳೇದು' ಇದು. ಸೋಮವಾರ ಒಳ್ಳೇದು ಎಂದು, ಮಂಗಳವಾರ ಬೆಳಿಗ್ಗೆ ತಿಂಡಿ ತಿಂದು, ಇಲ್ಲಿ ಕೂತು, ಅಳಿಸಿದ್ದಳು. ತಂಗಿಗೆ ಸಂಬಳ ಕೊಡುವವರು ಒಂದು ದಿನ ಬಂದು ತಂಗಿಯ ಕೈಯನ್ನೇ ಹಿಡಿದು ಬರೆಸಿಕೊಳ್ಳುತ್ತಾರೆಂದು ಅವಳಿಗೆ ಆಗಲೇ ಗೊತ್ತಿತ್ತು. ಅಕ್ಕನ ಲೆಕ್ಕ ಎಂದಾದರೂ ತಪ್ಪಿದ್ದುಂಟೇ.

ಆದರೆ ಮುಗಿಸು ಎಂದು ಹೇಳಿರಲಿಲ್ಲ. ಮರೆ ಎಂದೂ ಹೇಳಿರಲಿಲ್ಲ. ಬದಲಾವಣೆ ಮಾಡಿ, ಮುಗಿಸುವ ಬದಲು, ತಂಗಿಯ ಸಾಲನ್ನು ತೋರಿಸು ಎಂದು ಕೇಳಿದ್ದಳು. ಯಾಕೆ? ತಂಗಿ 'ಎಲ್ಲಿ ಕೆಲಸ' ಎಂಬಲ್ಲಿ ಆಗಲೇ ಕಂಪನಿಯ ಹೆಸರು ಹಾಕಿಬಿಟ್ಟಿದ್ದಾಳೋ ಎಂದು ನೋಡಲೇ? ಅವಳು ಅದನ್ನು ಹಾಕಿದ್ದು ಎಷ್ಟೋ ದಿನಗಳ ಮೇಲೆ, ಅಕ್ಕನ ಮಣ್ಣಾದ ಮೇಲೆ. ಅಕ್ಕ ನೋಡಿದಾಗ ಅಲ್ಲಿ 'ಸ್ವತಂತ್ರ' ಎಂದೇ ಇತ್ತು. ಅದನ್ನು ನೋಡಿ ಅವಳ ಕೈ ತಡೆಯಿತೇ? ಅಥವಾ ಎದೆ ನೋವು ಬಂದದ್ದೇ ಆಗಲೋ? ಅಳಿಸಿದ ಕೈ ಹಟದ್ದು, ತಡೆದ ಕೈ ಅಕ್ಕರೆಯದು ಎಂದು ನಂಬಬಹುದಿತ್ತು. ನಂಬಲು ಮನಸ್ಸು ತುದಿಗಾಲಲ್ಲಿ ನಿಂತಿತ್ತು.

ಅಡುಗೆಮನೆಯಲ್ಲಿ ಭಾವ ಹಾಲು ಉಕ್ಕಿಸಿಕೊಂಡು ತನಗೆ ತಾನೇ ಬೈದುಕೊಳ್ಳುತ್ತಿದ್ದುದು ಕೇಳಿಸಿತು. ಒರೆಸುವ ಬಟ್ಟೆ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ಅವಳ ಕೈಗಳೆರಡೂ ತೊಡೆಯ ಮೇಲಿದ್ದವು.

ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು.

ಅಕ್ಷರದ ಹಿಂದೆ ಅಕ್ಷರ, ಅವಸರವಿಲ್ಲದೆ. ನಡುವೆ ಒಂದು ಅಕ್ಷರ ತಪ್ಪಾಗಿ, ಹಿಂದಕ್ಕೆ ಹೋಗಿ, ಸರಿಯಾಗಿ ಮುಂದುವರಿಯಿತು. ತಂಗಿಯ ಸಾಲು ತೋರಿಸು. ಕೆಳಗೆ ಉತ್ತರ ಬಂತು. ಕೈಪಿಡಿ. ಎಲ್ಲಿ ಕೆಲಸ: ಸ್ವತಂತ್ರ.

ಮೂಲೆಯ ಗಡಿಯಾರ ಹನ್ನೊಂದು ಹತ್ತು ತೋರಿಸುತ್ತಿತ್ತು.

ಅವಳು ಕೂಗಲಿಲ್ಲ. ಕೂಗಿದರೆ ಭಾವ ಬರುತ್ತಾನೆ. ಬಂದರೆ ಏನು ತೋರಿಸುವುದು? ಅವಳು ಏಳಲೂ ಇಲ್ಲ. ಆ ಕಿಟಕಿಯಿಂದ ಎಷ್ಟು ಸಲ ನೋಡಿದರೂ ಅವಳು ಬದಲಾಗುವುದಿಲ್ಲ. ಮೂರು ವರ್ಷದಿಂದ, ದಿನಾ, ನೋಡುತ್ತಲೇ ಇದೆ. ಅಲ್ಲಿ ತಂಗಿ ಇನ್ನೂ ಎಲ್ಲಿಗೂ ಹೋಗಿಲ್ಲ. ನೋಡಿ, ತೀರ್ಮಾನವಾಗದೆ, ನಾಳೆ ಮತ್ತೊಮ್ಮೆ ನೋಡೋಣ ಎಂದುಕೊಂಡಂತೆ. ಸಾವಿರಕ್ಕೂ ಹೆಚ್ಚು ಬೆಳಗು. ಇದು ಪ್ರೀತಿಯೋ ಕಾವಲೋ? ಅಕ್ಕ ಬದುಕಿದ್ದಾಗಲೂ ಅವಳು ಅದನ್ನೇ ಕೇಳಿಕೊಳ್ಳುತ್ತಿದ್ದಳು.

ಫೋನು ಗುಂಯ್‌ಗುಟ್ಟಿತು. ಮ್ಯಾನೇಜರ್.

"ಎಲ್ಲಿಗೆ ಬಂತು?"

"ಕಾಗುಣಿತ ಅಲ್ಲ," ಎಂದಳು.

"ಏನಾದ್ರೂ ಇರ್ಲಿ. ನೀವೀಗ ಅಲ್ಲೇ ಇದೀರಲ್ಲ, 'ಮರೆ' ಅಂತ ಒತ್ತಿ ಬಂದುಬಿಡಿ. ನೀವು ಒತ್ತಿದ ಕೂಡ್ಲೇ ಸರದೀಲಿ ನಿಂತಿರೋ ನಿಮ್ಮ ಒಪ್ಪಿಗೆ ತಾನಾಗೇ ಒಳಗೆ ಹೋಗುತ್ತಂತೆ, ಡಾಕ್ಟರಮ್ಮ ಹೇಳಿದ್ರು. ಒಂದೇ ಏಟಿಗೆ ಎರಡು ಕೆಲಸ. ನಲವತ್ತು ಮನೆ ಉಳಿಯುತ್ತೆ ರೀ."

ಅವಳು ಫೋನನ್ನು ಮಗುಚಿಟ್ಟಳು. ಅವನು ಹೇಳಿದ್ದು ನಿಜವಾಗಿತ್ತು. ಒಂದು ಪದ. ಸಾಲು ಮತ್ತೆ 'ತಂಗಿ' ಎಂದಾಗುತ್ತದೆ, ಬಾಗಿಲಲ್ಲಿ ಕಾದು ನಿಂತ ಅವಳ 'ಒಪ್ಪಿಗೆ' ಅದೇ ಕ್ಷಣ ಒಳಗೆ ನುಗ್ಗುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕ ಅವಳನ್ನು ಅಳಿಸಿದ್ದಳೆಂಬುದೇ ಲೋಕದಲ್ಲಿ ಇಲ್ಲವಾಗುತ್ತದೆ. ಅವಳಿಗೆ ಬೇಕಾಗಿದ್ದುದು ನಲವತ್ತು ಮನೆಗಿಂತ ಹೆಚ್ಚಾಗಿ ಅದೇ. ಕಾರಣವೂ ನ್ಯಾಯವಾದದ್ದೇ: ಎತ್ತಿಕೊಂಡು ಹೋದವರಿಗೆ ತಡೆ ಬೇಕಾಗಿತ್ತು. ಅಕ್ಕನ ಹಟವೇ ಸರಿ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

'ಮರೆ' ಎಂದು ಬರೆದಳು. ಒತ್ತಲು ಬೆರಳು ಎತ್ತಿದಳು.

ಆಗ ಹೊಳೆಯಿತು, ತಾನು ಏನು ಮಾಡುತ್ತಿದ್ದೇನೆ ಎಂಬುದು. ಅಕ್ಕ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತ ಕೂತಿದ್ದಾಳೆ. ಅವಳ ಮಡಿಲಿಗೆ ಕೈ ಹಾಕಿ, ಕೊಟ್ಟಳು ಎಂದು ತಾನೇ ತೆಗೆದುಕೊಳ್ಳುತ್ತಿದ್ದೇನೆ. ಚಿಕ್ಕಂದಿನಲ್ಲಿ ಹಾಗೆ ಮಾಡಿದ್ದುಂಟು, ಬಳೆ, ಪೆನ್ನು. ಅಕ್ಕ ಗೊತ್ತಿದ್ದೂ ಸುಮ್ಮನಿರುತ್ತಿದ್ದಳು, ಅದು ಇನ್ನೂ ಕೆಟ್ಟದ್ದು. ಅವಳು ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದಳು. ಹಾಗೆಯೇ ಬಿಟ್ಟು ಎದ್ದುಬಿಡಲೇ ಎಂದುಕೊಂಡಳು. ಬಿಟ್ಟರೆ ಮಧ್ಯಾಹ್ನ ಅವರು ಕೊಲ್ಲುತ್ತಾರೆ, ಅದೂ ಮರೆವೇ.

'ಮುಗಿಸು' ಎಂದು ಬರೆದಳು.

ಅದರಲ್ಲಿ ಪ್ರಾಮಾಣಿಕತೆ ಎಷ್ಟಿತ್ತು, ಸಿಟ್ಟು ಎಷ್ಟಿತ್ತು ಎಂದು ಆಮೇಲೆ ಅವಳು ತೂಗಿ ನೋಡಿದ್ದುಂಟು. ನೀನು ನನಗೆ ಮಾಡಿದ್ದನ್ನು ಎಲ್ಲರೂ ನೋಡಲಿ ಎಂಬ ವಿಷವೂ ಅದರಲ್ಲಿತ್ತು. ಪದ ಬರೆದದ್ದು ಅವಳಿಗೆ ಚೆನ್ನಾಗಿ ನೆನಪಿದೆ. ಬೆರಳು ಎತ್ತಿದ್ದೂ ನೆನಪಿದೆ. ಆ ಕೀಲಿ ತಣ್ಣಗಿತ್ತು, ಬೆರಳು ಮುಟ್ಟುವ ಮೊದಲೇ ಅದು ತಾನಾಗಿ ಕೆಳಗಿಳಿದಿತ್ತು ಎಂದು ಅನ್ನಿಸಿದ್ದೂ ನೆನಪಿದೆ.

ಮುಗಿಯಿತು, ಎಂದಿತು ಪರದೆ.

ಅರ್ಧ ನಿಮಿಷಕ್ಕೆ ಡಾಕ್ಟರಮ್ಮನ ಫೋನು. "ಬಿಡ್ತು ಕಣ್ರೀ! ಕೈ ಬಿಡ್ತು! ಗುಡಿಸೋಕೆ ಶುರು ಮಾಡಿದೆ, ಮೂರು ವರ್ಷದ್ದು, ಒಂದೇ ಸಮ ಗುಡಿಸ್ತಿದೆ, ನೀವು ನೋಡ್ಬೇಕು." ತಡೆದಳು. "ನಿಮ್ಮ ಒಪ್ಪಿಗೆ ವಾಪಸು ಬಂತು. ಅಲ್ಲಿ ತಂಗಿ ಅನ್ನೋರು ಯಾರೂ ಇಲ್ವಂತೆ." ಆ ಕಡೆ ಕೀಲಿಗಳ ಸದ್ದಾಯಿತು. "ಅಯ್ಯೋ. ಅಕ್ಕ ಹೀಗೆ ಮಾಡಿದ್ರಾ?"

"ಮುಗಿಸಿದ್ದು ನಾನು," ಎಂದಳು ತಂಗಿ.

"ಇಲ್ಲಿ ಹಾಗಿಲ್ಲ. ಅಕ್ಕನ ಹೆಸರಲ್ಲಿದೆ. ತಾರೀಖು ಆ ಮಂಗಳವಾರದ್ದೇ."

"ನಾನು ಇಲ್ಲಿ ಕೂತು ಒತ್ತಿದೆ. ನನಗೆ ಗೊತ್ತಿಲ್ವಾ?"

"ಸರಿ, ಸರಿ," ಎಂದಳು ಡಾಕ್ಟರಮ್ಮ, ಜ್ವರ ಬಂದವರಿಗೆ ಹೇಳುವ ಹಾಗೆ. "ನೀವು ಮೊದ್ಲು ಒಂದು ಲೋಟ ನೀರು ಕುಡೀರಿ."

ಶುಕ್ರವಾರ ಮ್ಯಾನೇಜರ್ ನಲವತ್ತು ಜನರನ್ನು ನಿಲ್ಲಿಸಿ, ಕಂಪನಿ ಮುಚ್ಚುತ್ತಿದೆ ಎಂದು ಹೇಳಿದ. ಕೈಪಿಡಿಯ ಮೇಲೆ ಯಾರೂ ಕೋಪ ಮಾಡಿಕೊಳ್ಳಲಿಲ್ಲ. ಅದನ್ನೇ ಅವಳು ನಿರೀಕ್ಷಿಸಿರಲಿಲ್ಲ. ಎಲ್ಲರೂ ರಿಜಿಸ್ಟರು ನೋಡಿದ್ದರು. ಕಣ್ಣು ತಪ್ಪಿಸಿ, ಭುಜ ಸವರಿ ಹೋದರು. ಅವಳು ಸಮುದಾಯಕ್ಕೆ ತನ್ನ ಹೆಸರಿನಲ್ಲೇ ಬರೆದಳು: ಅಕ್ಕ ತೀರ್ಮಾನ ಮಾಡಿರಲಿಲ್ಲ, ಯೋಚಿಸುತ್ತಿದ್ದಳು, ಮುಗಿಸಿದವಳು ನಾನು. ಎಲ್ಲೆಲ್ಲಿಂದಲೋ ಉತ್ತರಗಳು ಬಂದವು, ಎಲ್ಲವೂ ಮೃದುವಾಗಿ. ಅಕ್ಕನ ತಪ್ಪನ್ನು ನೀವು ಯಾಕೆ ತಲೆ ಮೇಲೆ ಹೊತ್ತುಕೊಳ್ಳುತ್ತೀರಿ? ಕಪಾಟಿನಲ್ಲಿ ಇದ್ದದ್ದು ಇದ್ದ ಹಾಗಿದೆ. ಅದು ಸುಳ್ಳು ಹೇಳಿದ್ದನ್ನು ನಾವು ಕಂಡಿಲ್ಲ. ಹಾಗೆಂದು ಮೂರನೆಯ ಅಧ್ಯಾಯದಲ್ಲಿ ಬರೆದವಳೂ ಅವಳೇ ಆಗಿದ್ದಳು.

ಎರಡು ವಾರ ಅವಳು ಎದುರು ಸಿಕ್ಕವರಿಗೆಲ್ಲ ತಿದ್ದಿ ಹೇಳಿದಳು. ಮೂರನೆಯ ವಾರ ದನಿ ಸೋತಿತು. ಕೊನೆಯ ದಿನ ತನ್ನ ಮೇಜಿನ ಖಾನೆಗಳನ್ನು ರಟ್ಟಿನ ಪೆಟ್ಟಿಗೆಗೆ ಖಾಲಿ ಮಾಡುತ್ತಿದ್ದಾಗ, ಪಕ್ಕದ ಮೇಜಿನ ಲೆಕ್ಕದವನು ಟೇಪು ಹಿಡಿದುಕೊಡುತ್ತ, "ಪಾಪ, ಸ್ವಂತ ತಂಗೀನ ನಂಬಲಿಲ್ವಲ್ಲ ಆಕೆ," ಎಂದ.

"ಹೂಂ," ಎಂದಳು ಅವಳು. "ಅಕ್ಕ ಮೊದಲಿಂದಲೂ ಹಟಮಾರಿ. ಮನಸ್ಸು ಮಾಡಿದ್ಲು ಅಂದ್ರೆ ಮುಗೀತು."

ಹೇಳಿದ ಮೇಲೆ ಮೈಯೆಲ್ಲ ಹಗುರವಾಯಿತು. ಎಷ್ಟೋ ದಿನದ ಮೇಲೆ ಪೂರ್ತಿ ಉಸಿರು ಒಳಕ್ಕೆ ಹೋಯಿತು. ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು, ಪೆಟ್ಟಿಗೆಯ ಬಾಯಿಗೆ ಅಂಟಿಸಿ ಒತ್ತಿದಳು. ಒತ್ತಿದ ಬೆರಳನ್ನು ತಕ್ಷಣ ತೆಗೆಯಲಾಗಲಿಲ್ಲ. ಆ ಗುರುವಾರ ಕುರ್ಚಿಯಲ್ಲಿ ಕೂತಿದ್ದು ಯಾರು ಎಂದು ಈಗ ಯಾರಾದರೂ ಕೇಳಿದರೆ, ಹೇಳಲು ಅವಳು ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು.